ಮೂರು ಹುರುಳಿ ಸಾರು

ಹೇಮಾವತಿಗೆ ಯಾವುದನ್ನೂ ಒಂದೇ ಸಲ ನೋಡಿ ಸುಮ್ಮನಾಗುವ ಸ್ವಭಾವವಿರಲಿಲ್ಲ. ಗ್ಯಾಸ್ ಆರಿಸಿ ಹೊರಗೆ ಬಂದವಳು ಮತ್ತೆ ಒಳಗೆ ಹೋಗಿ ರೆಗ್ಯುಲೇಟರ್ ಮುಟ್ಟಿ ನೋಡುವಳು. ಬಾಗಿಲಿಗೆ ಬೀಗ ಹಾಕಿ ಗೇಟು ದಾಟಿದವಳು ಹಿಂದಿರುಗಿ ಬಂದು ಬೀಗ ಜಗ್ಗುವಳು. ಮದುವೆಯಾದ ಹೊಸದರಲ್ಲಿ ಲಕ್ಷ್ಮೀಕಾಂತ್ ಇದಕ್ಕೆ ನಗುತ್ತಿದ್ದ. ಈಗೀಗ ಅವಳು ಬೀಗ ಜಗ್ಗಿ ಬರುವ ತನಕ ಬೈಕನ್ನೇ ಸ್ಟಾರ್ಟ್ ಮಾಡುತ್ತಿರಲಿಲ್ಲ. ಪಶು ಆಸ್ಪತ್ರೆಯಲ್ಲಿ ಕೆಲಸ ಅವನದು. "ನಮ್ಮಲ್ಲಿ ಸೂಜಿ ಚುಚ್ಚಿಸ್ಕಳಾಕೆ ಬರೋ ಕುರಿಗಳೂ ಇಷ್ಟು ಬೆದರಲ್ಲ ಕಣೆ," ಅನ್ನುತ್ತಿದ್ದ.

ಅಂಥವಳು ಮನೆಯ ಅಡುಗೆಗಳನ್ನೆಲ್ಲ ಮೊಬೈಲಿನ ಒಂದು ಆ್ಯಪ್‌ನಲ್ಲಿ ತುಂಬಿಸಿಡಲು ಕೂತಳು ಅಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಸಾರು, ಪಲ್ಯ, ಚಟ್ನಿ, ಹಬ್ಬದ್ದು, ಬಾಣಂತಿಯದು ಎಂದು ಬೇರೆ ಬೇರೆ ಗುಂಪು ಮಾಡಿದಳು. ಉಚ್ಚೆಳ್ಳಿನ ಚಟ್ನಿ ಒಂದು ಕಡೆ, ಸಾವೆ ಅನ್ನ ಇನ್ನೊಂದು ಕಡೆ, ಗಿಣ್ಣಿಗೆ ಫೋಟೋ ಸಮೇತ ಬೇರೆಯದೇ ಜಾಗ. ಮನೆಯವರೆಲ್ಲ ತಂತಮ್ಮ ಫೋನಿನಲ್ಲಿ ನೋಡುವಂತೆ ಹಂಚಿಕೊಂಡಳು. ಚಿತ್ರದುರ್ಗದಲ್ಲಿದ್ದ ನಾದಿನಿ ಮಾನಸ, "ಅತ್ತಿಗೆ, ಅಮ್ಮನ ಕೈಯಡುಗೆ ಎಲ್ಲಾ ನನ್ನ ಫೋನಿಗೇ ಬಂತಲ್ಲ!" ಎಂದು ಕುಣಿದಾಡಿದಳು. ಅತ್ತೆ ಶಾಂತಕ್ಕನವರಿಗೂ ಖುಷಿಯೇ. ಇಷ್ಟು ವರ್ಷ ಯಾರೂ ಕೇಳದಿದ್ದದ್ದನ್ನು ಸೊಸೆ ಪಕ್ಕದಲ್ಲಿ ಕೂತು ಕೇಳುತ್ತಿದ್ದಾಳಲ್ಲ.

ಮರೆತು ಹೋಗಬಾರದು, ಅದಕ್ಕೆ ಬರೆದಿಡುತ್ತಿದ್ದೇನೆ ಎಂದು ಹೇಮಾವತಿ ಎಲ್ಲರಿಗೂ ಹೇಳಿದ್ದಳು. ಯಾರು ಮರೆಯಬಹುದು ಎಂದು ಅವಳಿಗೆ ಅನುಮಾನವಿತ್ತೋ, ಅದನ್ನು ಮಾತ್ರ ಹೇಳಿರಲಿಲ್ಲ.

ಅನುಮಾನ ಹುಟ್ಟಿದ್ದು ಹಿರಿಯರ ಹಬ್ಬದಲ್ಲಿ. ಮಾವ ಜಂಪಣ್ಣ ತೀರಿಕೊಂಡ ಮೇಲೆ ಲಕ್ಷ್ಮೀಕಾಂತ್ ಹಿರಿಯೂರಿನಿಂದ ಹೊಸದುರ್ಗಕ್ಕೆ ವರ್ಗ ಮಾಡಿಸಿಕೊಂಡು, ಹೆಂಡತಿಯ ಜೊತೆ ತಾಯಿಯ ಮನೆಗೇ ಬಂದಿದ್ದ. ಆ ವರ್ಷ ಮಾವನಿಗೆ ಮೊದಲ ಎಡೆ ಇಟ್ಟರು. ಅವರಿಗೆ ಪ್ರಾಣವಾಗಿದ್ದ ಹುರುಳಿ ಸಾರನ್ನು ಅತ್ತೆ ದೊಡ್ಡ ಪಾತ್ರೆಯಲ್ಲಿ ಮಾಡಿದ್ದರು. ಪೂಜೆ ಮುಗಿದು ಊಟಕ್ಕೆ ಕೂತರೆ ಸಾರು ಉಪ್ಪೋ ಉಪ್ಪು. ಇರಲಿ, ದುಃಖದಲ್ಲಿ ಕೈ ತಪ್ಪಿರಬೇಕು ಅಂದುಕೊಂಡರು. ಮರು ವರ್ಷವೂ ಅದೇ ಆಯಿತು. ಹೊಳಲ್ಕೆರೆಯಿಂದ ಬಂದಿದ್ದ ಮಾವನ ತಮ್ಮ ಯತ್ತಪ್ಪ ಚೊಂಬುಗಟ್ಟಲೆ ನೀರು ಕುಡಿದು, "ಅತ್ತಿಗೆಮ್ಮ ಎಲ್ಡೆಲ್ಡು ಸಲ ಉಪ್ಪು ಹಾಕವ್ರೆ ಕಣ್ರಪ್ಪೋ," ಎಂದು ನಗಾಡಿದರು. ಎಲ್ಲರೂ ನಕ್ಕರು. ಹೇಮಾವತಿ ಮಾತ್ರ ಎತ್ತಿದ ತುತ್ತನ್ನು ಮತ್ತೆ ಎಲೆಗೆ ಇಟ್ಟಳು. ಜವನಗೊಂಡನಹಳ್ಳಿಯಲ್ಲಿದ್ದ ಶಾಂತಕ್ಕನವರ ಅಕ್ಕ ಉಚ್ಚಂಗೆಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿದ್ದೇ ಹೀಗೆ. ಮೊದಲು ಸಾರಿಗೆ ಎರಡು ಸಲ ಉಪ್ಪು. ಆಮೇಲೆ ಒಲೆ ಮೇಲಿಟ್ಟ ಹಾಲು. ಆಮೇಲೆ ಮಕ್ಕಳ ಹೆಸರು. ಈಗ ಆಕೆಯನ್ನು ಪಡಸಾಲೆಯ ಕುರ್ಚಿಯಲ್ಲಿ ಕೂರಿಸಿರುತ್ತಾರೆ. ಕೈಬೆರಳು ಮಾತ್ರ ಸೀರೆಯ ಸೆರಗಿನ ಮೇಲೆ ಏನನ್ನೋ ಸೋಸುತ್ತಾ, ಕಲ್ಲು ಆರಿಸುತ್ತಾ ಇರುತ್ತವೆ.

ಆ ಬೆರಳುಗಳನ್ನು ನೋಡಿ ಬಂದ ಮೇಲೆ ಹೇಮಾವತಿ ಅತ್ತೆಯನ್ನು ಕಾಯತೊಡಗಿದಳು. ಆ್ಯಪ್ ಅವಳಿಗೆ ಒಳ್ಳೆಯ ನೆಪವಾಯಿತು.

"ಎಷ್ಟು ಜನಕ್ಕೆ ಅಂತ ಕೇಳ್ತಾ ಇದೆ ಅತ್ತೆ," ಅಂದಿದ್ದಳು, ಹುರುಳಿ ಸಾರು ಬರೆದುಕೊಳ್ಳಲು ಕೂತ ಮೊದಲ ದಿನ.

"ಯಾರು ಕೇಳ್ತಿರೋದು?"

"ಫೋನು."

"ಅದೂ ಊಟಕ್ಕೆ ಬರ್ತೈತಾ?" ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಾ ನಕ್ಕರು. "ಬಂದೋರಿಗೆ ಅಂತ ಬರ್ಕ."

"ಹಾಗೆ ಬರೆದರೆ ತಗೊಳ್ಳಲ್ಲ. ನಂಬರೇ ಬೇಕು."

"ಹಂಗಾರೆ ಅದರ ಮನೇಗೆ ನೆಂಟರೇ ಬರಲ್ಲ ಬಿಡು."

ಹೇಮಾವತಿ ತಾನೇ ಒಂದು ಸಂಖ್ಯೆ ಒತ್ತಿದಳು. "ಉಪ್ಪು?"

"ಒಂದು ಹಿಡಿ."

"ಯಾರ ಹಿಡಿ ಅತ್ತೆ?"

"ನನ್ನ ಹಿಡಿ ಕಣೆ. ನಿನ್ನ ಕೈ ಯಾವಾಗ ನನಗೆ ಕೊಟ್ಟಿದ್ದೆ?"

ಹಿಡಿ, ಚಿಟಿಕೆ, ಬೊಗಸೆ ಎಂಬ ಲೆಕ್ಕ ಆ್ಯಪ್‌ಗೆ ಆಗಿಬರುವುದಿಲ್ಲವೆಂದು ಹೇಮಾವತಿ ಅಡುಗೆಮನೆಗೊಂದು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ತಂದಳು. ಅತ್ತೆ ಹಿಡಿಯಲ್ಲಿ ತೆಗೆದದ್ದನ್ನು ಮೊದಲು ತಕ್ಕಡಿಯ ತಟ್ಟೆಗೆ ಸುರಿಯಬೇಕು, ಆಮೇಲೆ ಪಾತ್ರೆಗೆ. "ಕೊನೆಗೆ ನನ್ನ ಕೈನೇ ತಕ್ಕಡಿಗೆ ಹಾಕಿದೆಯಲ್ಲೇ," ಎಂದು ಅತ್ತೆ ಗೊಣಗಿದರೂ ಸುರಿದರು.

ಕೆಲವು ವಾರಗಳ ನಂತರ ಹೇಮಾವತಿ ಬೇಕೆಂದೇ ಹುರುಳಿ ಸಾರಿನ ಮಾತು ತೆಗೆದಳು. ಹಿಂದೆ ಹೇಳಿದ್ದು ಎಲ್ಲೋ ಅಳಿಸಿಹೋಯಿತು, ಇನ್ನೊಮ್ಮೆ ಹೇಳಿ ಅಂದಳು. ಅಳಿಸಿರಲಿಲ್ಲ. ಅತ್ತೆ ಈ ಸಲ ಬೇರೆಯೇ ಸಾರು ಹೇಳಿದರು. ಮೊದಲು ಗಡ್ಡೆಗಟ್ಟಲೆ ಬೆಳ್ಳುಳ್ಳಿ ಅಂದಿದ್ದವರು ಈಗ ಎಂಟತ್ತು ಎಸಳು ಸಾಕು ಅಂದರು. ಮೆಣಸಿನಕಾಯಿ ದುಪ್ಪಟ್ಟಾಗಿತ್ತು. ಇನ್ನೊಂದಷ್ಟು ದಿನ ಬಿಟ್ಟು ಹಬ್ಬದ ಮಾತು ಬಂದಾಗ ಮತ್ತೆ ಕೇಳಿದಳು. ಮೂರನೆಯ ಸಲ ಉಪ್ಪು ಒಂದು ಹಿಡಿಯಲ್ಲ, ಎರಡು ಹಿಡಿ.

'ಇದೇ ಹೆಸರಿನ ಅಡುಗೆ ಈಗಾಗಲೇ ಇದೆ. ಹಳೆಯದನ್ನು ಬದಲಿಸಬೇಕೇ, ಎರಡನ್ನೂ ಉಳಿಸಬೇಕೇ?' ಎಂದು ಆ್ಯಪ್ ಪ್ರತಿ ಸಲವೂ ಕೇಳಿತು. ಪ್ರತಿ ಸಲವೂ ಅವಳು ಉಳಿಸಿದಳು. ಒಂದರ ಕೆಳಗೊಂದು ಮೂರು ಹುರುಳಿ ಸಾರು ಕೂತವು. ಮತ್ತೊಮ್ಮೆ ನೋಡಬೇಕಾದವುಗಳಿಗೆ ಗುರುತು ಮಾಡಲು ಆ್ಯಪ್‌ನಲ್ಲಿ ಒಂದು ಕೆಂಪು ಚುಕ್ಕೆ ಇತ್ತು. ಮೂರಕ್ಕೂ ಅದನ್ನೇ ಇಟ್ಟಳು.

"ಆ ಕೆಂಪು ಚುಕ್ಕೆ ಏನೇ?" ಒಂದು ದಿನ ಅತ್ತೆ ಅವಳ ಭುಜದ ಮೇಲಿಂದ ಇಣುಕಿ ಕೇಳಿದ್ದರು.

ಮಾತನ್ನು ತೂಗಿ ಆಡುವವಳು ಹೇಮಾವತಿ. "ಇನ್ನೊಂದು ಸಲ ನೋಡ್ಬೇಕಾದ್ದು ಅಂತ ಗುರುತು ಅತ್ತೆ," ಅಂದಳು.

ಅತ್ತೆ ಫೋನನ್ನೂ ಅವಳನ್ನೂ ಒಂದು ಗಳಿಗೆ ನೋಡಿ ಹಿತ್ತಿಲಿಗೆ ಹೋದರು.

ಚುಕ್ಕೆಗಳು ಚಿತ್ರದುರ್ಗದಲ್ಲೂ ಕಂಡವು. ಹಬ್ಬದ ಹಿಂದಿನ ವಾರ ಮಾನಸ ಫೋನ್ ಮಾಡಿದಳು. "ಅತ್ತಿಗೆ, ಮೂರು ಸಾರು ನೋಡ್ದೆ. ಒಂದಕ್ಕೊಂದು ಸಂಬಂಧಾನೇ ಇಲ್ಲ. ದೊಡ್ಡಮ್ಮಂಗೂ ಹಿಂಗೇ ಅಲ್ವಾ ಶುರುವಾಗಿದ್ದು?"

"ಇರಬಹುದು ಅನ್ನಿಸುತ್ತೆ. ನನಗೂ ಗೊತ್ತಾಗ್ತಿಲ್ಲ ಮಾನಸ."

"ಇಲ್ಲಿ ನರದ ಡಾಕ್ಟರ್ ಹತ್ರ ಹಬ್ಬದ ಮಾರನೇ ದಿನಕ್ಕೆ ಹೆಸರು ಬರೆಸೀನಿ. ಈ ಸಲಾನೂ ಎಡೆ ಸಾರು ಉಪ್ಪಾದ್ರೆ ಮಾತೇ ಇಲ್ಲ, ದುರ್ಗಕ್ಕೆ ಕರ್ಕಂಡು ಬಂದ್ಬಿಡ್ರಿ. ಆಮೇಲೆ ಅಮ್ಮನ್ನ ಒಲೆ ಹತ್ರ ಬಿಡಾದು ಬ್ಯಾಡ ಅತ್ತಿಗೆ. ಅಣ್ಣನೂ ಹಂಗೇ ಅಂದ. ಗ್ಯಾಸು, ಬೆಂಕಿ… ಏನಾದ್ರೂ ಆದ್ರೆ? ಅಡುಗೆಮನೆ ನೀವೇ ನೋಡ್ಕಳ್ರಿ."

ಎಲ್ಲವೂ ಸರಿಯಾದ ಮಾತೇ. ಬೆಂಕಿಯ ಮಾತನ್ನಂತೂ ಹೇಮಾವತಿಯೇ ಎಷ್ಟೋ ಸಲ ಯೋಚಿಸಿದ್ದಳು. ಆದರೆ ಫೋನ್ ಇಟ್ಟ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಅತ್ತೆ ಮುದ್ದೆ ಕಟ್ಟುತ್ತಿದ್ದರು. ಬಿಸಿ ಹಿಟ್ಟನ್ನು ಅಂಗೈಯಲ್ಲಿ ಹೊರಳಿಸುತ್ತಾ, ತಮ್ಮಷ್ಟಕ್ಕೆ ಏನೋ ಗುನುಗುತ್ತಾ. ಈ ಕೈಗಳು ನಾಳೆ ಸೆರಗಿನ ಮೇಲೆ ಇಲ್ಲದ ಕಲ್ಲು ಆರಿಸುತ್ತಾ ಕೂರುತ್ತವೆ ಎಂಬುದು ಕಣ್ಣ ಮುಂದೆ ಬಂದು ಅವಳಿಗೆ ನಿಲ್ಲಲಾಗಲಿಲ್ಲ, ಕೂರಲೂ ಆಗಲಿಲ್ಲ. ಅಂದು ನೀರಿನ ಮೋಟರ್ ಆಫ್ ಆಗಿದೆಯೇ ಎಂದು ಮೂರು ಸಲ ಹೋಗಿ ನೋಡಿ ಬಂದಳು.

ಈ ಸಲ ಸಾರು ಉಪ್ಪಾಗಬಾರದು. ಅಷ್ಟಾದರೆ ಮಾನಸಳ ಬಾಯಿ ಮುಚ್ಚುತ್ತದೆ, ಯತ್ತಪ್ಪ ಮಾವ ನಗಾಡುವುದಿಲ್ಲ, ಅತ್ತೆಯ ಒಲೆ ಅತ್ತೆಗೇ ಉಳಿಯುತ್ತದೆ. ಡಾಕ್ಟರನ್ನು ಆಮೇಲೆ ಸಾವಕಾಶವಾಗಿ ನೋಡಬಹುದು. ಹಾಗೆಂದು ಅವಳು ತನಗೇ ಹೇಳಿಕೊಂಡಳು.

ಕಷ್ಟವೆಂದರೆ, ಎಡೆಯ ಅಡುಗೆಯನ್ನು ಯಾರೂ ಬಾಯಿಗಿಟ್ಟು ನೋಡುವಂತಿಲ್ಲ. ಹಿರಿಯರ ಮುಂದೆ ಎಲೆ ಹಾಕಿ, ಬಡಿಸಿ, ಧೂಪ ಹಾಕಿ ಕೈಮುಗಿಯುವ ತನಕ ಒಂದು ತೊಟ್ಟೂ ನಾಲಿಗೆಗೆ ತಾಗಕೂಡದು, ತಾಗಿದರೆ ಎಂಜಲು. ಮೂಸಿ ನೋಡುವುದೂ ತಪ್ಪೇ. ಹಾಗಾಗಿ ಆ ದಿನದ ಉಪ್ಪೆಲ್ಲ ಹಾಕುವವರ ಕೈಯ ನಂಬಿಕೆ. ಒಮ್ಮೆ ಬಿದ್ದರೆ ಬಿತ್ತು.

ಹಬ್ಬದ ದಿನ ಬೆಳಿಗ್ಗೆ ಅತ್ತೆ ತಲೆಸ್ನಾನಕ್ಕೆ ಬಚ್ಚಲಿಗೆ ಹೋದಾಗ ಹೇಮಾವತಿ ಫೋನು ತೆಗೆದು, ಮೊದಲ ಹುರುಳಿ ಸಾರಿಗೆ ಬರಲಿರುವ ನೆಂಟರ ಸಂಖ್ಯೆ ಒತ್ತಿದಳು. ಆ್ಯಪ್ ಎಲ್ಲವನ್ನೂ ಹಿಗ್ಗಿಸಿ ಲೆಕ್ಕ ಕೊಟ್ಟಿತು. ಅಷ್ಟೇ ಉಪ್ಪನ್ನು ತೂಗಿ ಒಂದು ಸ್ಟೀಲ್ ಬಟ್ಟಲಿಗೆ ಹಾಕಿ ಒಲೆಯ ಪಕ್ಕ ಇಟ್ಟಳು. ಕಲ್ಲುಪ್ಪಿನ ಭರಣಿ ಕಟ್ಟೆಯ ಮೂಲೆಯಲ್ಲಿತ್ತು. ಕಂದು ಬಣ್ಣದ, ಬಾಯಿ ಒಂದಿಷ್ಟು ಸೀಳು ಬಿಟ್ಟ ಹಳೆಯ ಭರಣಿ. ಎಲ್ಲಿಡುವುದು? ಬೀರು ಬೇಡ, ಮಂಚದ ಕೆಳಗೆ ಬೇಡ. ಮುದ್ದೆಗೆ ಬೇಕಾದ ಹಿಟ್ಟನ್ನು ಆಗಲೇ ತೆಗೆದಿಟ್ಟಿದ್ದರಿಂದ ರಾಗಿ ಹಿಟ್ಟಿನ ಡ್ರಮ್ಮಿನ ಕಡೆ ಇವತ್ತು ಯಾರೂ ಹೋಗುವುದಿಲ್ಲ. ಭರಣಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಟ್ಟಿನೊಳಗೆ ಹೂತು ಮುಚ್ಚಳ ಹಾಕಿದಳು. ಆಚೆ ಬಂದು, ಮತ್ತೆ ಹೋಗಿ ಮುಚ್ಚಳ ಒತ್ತಿ ನೋಡಿದಳು.

ಹತ್ತು ಗಂಟೆಯ ಹೊತ್ತಿಗೆ ಮನೆ ತುಂಬಿತು. ಹೊಳಲ್ಕೆರೆಯಿಂದ ಯತ್ತಪ್ಪ ತಮ್ಮ ಮನೆಯವರೊಂದಿಗೆ ಬಂದರು. ಚಿತ್ರದುರ್ಗದಿಂದ ಮಾನಸ ಗಂಡ, ಮಗುವಿನೊಡನೆ ಬಂದಳು. "ಬರ್ರಿ ಬರ್ರಿ, ಕುಂತ್ಕಳ್ರಿ," ಎಂದು ಲಕ್ಷ್ಮೀಕಾಂತ್ ಪಡಸಾಲೆಯಲ್ಲಿ ಚಾಪೆ ಹಾಸಿದ. ಅಡುಗೆಮನೆಗೆ ಯಾರಿಗೂ ಪ್ರವೇಶವಿರಲಿಲ್ಲ. ಮಡಿಯಲ್ಲಿದ್ದ ಶಾಂತಕ್ಕ, ಕೈಗೊಬ್ಬಳು ಸೊಸೆ, ಅಷ್ಟೇ.

ಹುರುಳಿ ಬೆಂದು ಕಟ್ಟು ಸೋಸಿಯಾಯಿತು. ರುಬ್ಬಿದ ಖಾರ ಬಿತ್ತು, ಸಾರು ಕುದಿಯತೊಡಗಿತು. ಅತ್ತೆ ಬಟ್ಟಲಿನ ಉಪ್ಪನ್ನು ನೋಡಿದರು.

"ಇದೇನೇ ಪ್ರಸಾದ ಕೊಡೋ ಹಂಗೆ ಬಟ್ಟಲಲ್ಲಿ ಇಟ್ಟಿದೀಯ?"

"ತೂಕ ಮಾಡಿ ಇಟ್ಟಿದೀನಿ ಅತ್ತೆ. ಸುಲಭ ಆಗ್ಲಿ ಅಂತ."

ಅತ್ತೆ ಅದನ್ನು ಸಾರಿಗೆ ಸುರಿದರು. ಹೇಮಾವತಿ ಉಸಿರು ಬಿಟ್ಟಳು. ಅಷ್ಟರಲ್ಲಿ ಅತ್ತೆ ಕಟ್ಟೆಯ ಮೂಲೆಗೆ ಕೈ ಚಾಚಿದರು. ಕೈ ಬರಿಗಾಳಿಯಲ್ಲಿ ನಿಂತಿತು.

"ಭರಣಿ ಎಲ್ಲೇ?"

ಹೇಮಾವತಿ ಖಾಲಿಯಾದ ಬಟ್ಟಲನ್ನು ನೋಡಿದಳು. ಈಗಷ್ಟೇ ಹಾಕಿದರು, ಮತ್ತೆ ಹುಡುಕುತ್ತಿದ್ದಾರೆ. ಕಣ್ಣ ಮುಂದೆಯೇ. ಇನ್ನು ಅನುಮಾನವೇ ಇಲ್ಲ. ಬಾಯಿಗೆ ಬಂದ ಮಾತನ್ನು ಆಗಲೂ ತೂಗಿಯೇ ಆಡಿದಳು. "ದಿನಾ ಅಲ್ಲೇ ಇರುತ್ತಲ್ಲ ಅತ್ತೆ."

ಸುಳ್ಳಲ್ಲ. ದಿನಾ ಅಲ್ಲೇ ಇರುತ್ತಿತ್ತು.

ಅತ್ತೆ ಕಟ್ಟೆಯ ಕೆಳಗೆ ಬಗ್ಗಿ ನೋಡಿದರು. ಕಾಳಿನ ಡಬ್ಬಿಗಳ ಹಿಂದೆ, ಗೂಡಿನಲ್ಲಿ, ನೀರಿನ ಹಂಡೆಯ ಪಕ್ಕ ನೋಡಿದರು. ಗೂಡನ್ನು ಇನ್ನೊಂದು ಸಲ ನೋಡಿದರು. "ನಿನ್ನೆ ಸಂಜೆ ಇಲ್ಲೇ ಇಟ್ಟೆ. ಒರೆಸಿ ಇಟ್ಟೆ." ಬಾಗಿಲ ಹಿಂದೆ ನೋಡಿ ಬಂದರು. "ಇಟ್ನಲ್ವಾ?" ಮತ್ತೆ ಗೂಡಿಗೆ ಕೈಹಾಕಿದರು. ಅಲ್ಲಿ ಆಗಲೇ ನೋಡಿದ್ದು ನೆನಪಾಗಿ ಕೈ ಅರ್ಧಕ್ಕೇ ನಿಂತಿತು. ಆ ಅರ್ಧಕ್ಕೆ ನಿಂತ ಕೈಯನ್ನು ಹೇಮಾವತಿ ನೋಡಿದಳು.

ಹೊರಗೆ ಯತ್ತಪ್ಪನವರ ದನಿ: "ಏನಪ್ಪ ಲಕ್ಷ್ಮೀಕಾಂತ, ಮನೇಲಿ ನೀರು ತುಂಬ್ಸಿಟ್ಟೀಯಾ? ಇವತ್ತು ಬೇಕಾಗ್ತೈತೆ!" ಒಂದಷ್ಟು ಜನ ನಕ್ಕರು. ಮಾನಸಳ ನಗು ಕೇಳಿಸಲಿಲ್ಲ.

ಶಾಂತಕ್ಕ ನಿಧಾನವಾಗಿ ಮಣೆಯ ಮೇಲೆ ಕೂತರು. ತುಟಿ ಅಲ್ಲಾಡುತ್ತಿತ್ತು. ದೇವರ ಹೆಸರು ಹೇಳುತ್ತಿದ್ದಾರೆ ಅಂದುಕೊಂಡ ಹೇಮಾವತಿ ಹತ್ತಿರ ಬಗ್ಗಿದಳು.

"ಹೊಸದುರ್ಗ… ಹೊಸದುರ್ಗ ರೋಡು… ಹೊಳಲ್ಕೆರೆ… ದುರ್ಗ…" ಹೆಬ್ಬೆರಳು ಒಂದೊಂದೇ ಬೆರಳಿನ ಗೆಣ್ಣು ಮುಟ್ಟುತ್ತಾ ಹೋಗುತ್ತಿತ್ತು. ಜಂಪಣ್ಣ ಎಷ್ಟೋ ವರ್ಷ ಓಡಿಸಿದ ಬಸ್ಸಿನ ದಾರಿ ಅದು. ಮದುವೆಯಾದಾಗಿನಿಂದ ಆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಶಾಂತಕ್ಕ ತವರಿನ ಕಡೆ ಹೋಗಿ ಬರುತ್ತಿದ್ದ ದಾರಿ. "ಐಮಂಗಲ… ಹಿರಿಯೂರು… ಹಿರಿಯೂರು ಆದ್ಮೇಲೆ…" ಹೆಬ್ಬೆರಳು ನಿಂತಿತು. "ಹಿರಿಯೂರು ಆದ್ಮೇಲೆ…"

ಮುಂದಿನದು ಅಕ್ಕ ಇರುವ ಊರು. ಆ ಊರಿನ ಹೆಸರೇ ಬಾಯಿಗೆ ಬರಲಿಲ್ಲ.

ಶಾಂತಕ್ಕ ತಲೆಯೆತ್ತಿದರು. "ಹೇಮಾ, ನಮ್ಮಕ್ಕಂಗೆ ಬಂದಿದ್ದು ನನಗೂ ಬಂತೇನೇ?"

ಅಲ್ಲಿಯವರೆಗೆ ಹೇಮಾವತಿಗೆ ಹೊಳೆದೇ ಇರಲಿಲ್ಲ, ತಾನು ಕಾಯುತ್ತಿದ್ದುದನ್ನೇ ಅತ್ತೆಯೂ ಒಳಗೊಳಗೇ ಕಾಯುತ್ತಿದ್ದರೆಂದು. ತಮ್ಮನ್ನು ತಾವೇ ಬಸ್ಸಿನ ನಿಲ್ದಾಣಗಳಲ್ಲಿ ತೂಗಿ ನೋಡಿಕೊಳ್ಳುತ್ತಿದ್ದರೆಂದು. ಮತ್ತು ಈಗ, ಈ ಗಳಿಗೆಯಲ್ಲಿ, ಇಲ್ಲದ ಮರೆವನ್ನು ತನ್ನ ಕೈಯಾರೆ ಅವರ ತಲೆಗೆ ತುಂಬುತ್ತಿದ್ದೇನೆಂದು. ತೂಗಲು ಮಾತು ಉಳಿದಿರಲಿಲ್ಲ.

"ಇಲ್ಲ ಅತ್ತೆ. ನಿಮಗೇನೂ ಆಗಿಲ್ಲ. ಭರಣಿ ನಾನೇ ಬಚ್ಚಿಟ್ಟೆ."

ಡ್ರಮ್ಮಿನ ಮುಚ್ಚಳ ತೆಗೆದು, ಮೊಣಕೈವರೆಗೂ ಹಿಟ್ಟು ಮಾಡಿಕೊಂಡು ಭರಣಿಯನ್ನು ಎತ್ತಿ ತಂದು ಅತ್ತೆಯ ಮುಂದೆ ಇಟ್ಟಳು. ಶಾಂತಕ್ಕ ಭರಣಿಯನ್ನು ನೋಡಿದರು, ಡ್ರಮ್ಮನ್ನು ನೋಡಿದರು, ಸೊಸೆಯ ಕೈಯ ಹಿಟ್ಟನ್ನು ನೋಡಿದರು.

"ಯಾಕೆ?"

"ನೀವು ಎರಡು ಸಲ ಉಪ್ಪು ಹಾಕ್ತೀರಿ ಅತ್ತೆ. ಹೋದ ವರ್ಷ, ಅದರ ಹಿಂದಿನ ವರ್ಷ. ಸಾರು ಮೂರು ಸಲ ಹೇಳಿಸಿದೆ, ಮೂರೂ ಬೇರೆ ಬೇರೆ ಹೇಳಿದ್ರಿ. ಮಾನಸ ನಾಳೆ ಡಾಕ್ಟರ್ ಹತ್ರ ಅಂದಿದಾಳೆ. ಇವತ್ತು ಉಪ್ಪಾದ್ರೆ ನಿಮ್ಮನ್ನ ಒಲೆ ಹತ್ರ ಬಿಡಲ್ಲ ಅಂತ… ಅದಕ್ಕೆ."

ಸಾರು ಉಕ್ಕಿ ಬಂತು. ಶಾಂತಕ್ಕ ಎದ್ದು ಉರಿ ಸಣ್ಣ ಮಾಡಿದರು. ಬೆನ್ನು ಹಾಕಿಕೊಂಡೇ ಮಾತಾಡಿದರು. "ಆ ಕೆಂಪು ಚುಕ್ಕೆ ಸಾರಿಗಿಟ್ಟಿದ್ದಲ್ಲ ಅನ್ನು. ನನ್ನ ಹಣೆಗೆ ಇಟ್ಟಿದ್ದು."

ಹೇಮಾವತಿ ಡ್ರಮ್ಮಿನ ಮುಚ್ಚಳ ಹಾಕಿದಳು.

"ಮೂರು ಸಾರು ಹೇಳಿದ್ನಂತೆ. ಮೂರು ಅಲ್ದೆ ಇನ್ನೇನು? ಮೊದಲು ಕೇಳ್ದಾಗ ಮಾನಸನ ಮಗು ತೊಟ್ಟಿಲಲ್ಲಿತ್ತು, ಅವಳ ಬಾಣಂತನದ ಸಾರು ಹೇಳ್ದೆ. ಬೆಳ್ಳುಳ್ಳಿ ಹಾಕ್ದೆ ಇದ್ರೆ ಎದೇಲಿ ಹಾಲು ಎಲ್ಲಿಂದ ಬರ್ಬೇಕು? ಎರಡ್ನೇ ಸಲ ಕೇಳ್ದಾಗ ನಿನ್ನ ಗಂಡ ಎದುರಿಗೇ ಕುಂತಿದ್ದ. ಅವನಿಗೆ ಖಾರ ಇಲ್ಲದಿದ್ರೆ ತಟ್ಟೆ ಸರಿಸ್ತಾನೆ. ಯಾರಿಗೆ ಅಂತ ನೀನು ಒಂದಿನಾ ಕೇಳ್ಲಿಲ್ಲ. ಎಷ್ಟು ಜನಕ್ಕೆ, ಎಷ್ಟು ಜನಕ್ಕೆ… ಅದೊಂದೇ."

"ಮೂರನೇದು?"

ಶಾಂತಕ್ಕ ಭರಣಿಯ ಮೇಲಿನ ಹಿಟ್ಟನ್ನು ಸೆರಗಿನಲ್ಲಿ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

"ನಿಮ್ಮ ಮಾವಂಗೆ ಕಿಡ್ನಿ ಕೆಟ್ಟಾಗ ಡಾಕ್ಟರು ಉಪ್ಪು ಒಂದು ಹರಳೂ ಕೊಡಬ್ಯಾಡ ಅಂದ್ರು. ನೀವಾಗ ಹಿರಿಯೂರಲ್ಲಿದ್ರಿ. ಆಯಪ್ಪ ಜೀವನದಾಗೆ ಇನ್ನೇನೂ ಆಸೆಪಟ್ಟೋರಲ್ಲ, ಈ ಸಾರು ಒಂದು ಬಿಟ್ರೆ. 'ಒಂದೇ ಹರಳು ಶಾಂತಾ, ಯಾರಿಗೆ ಗೊತ್ತಾಗ್ತೈತೆ' ಅಂತ ಮಗೂ ಕೇಳ್ದಂಗೆ ಕೇಳೋರು. ನಾನು ಕೊಡ್ಲಿಲ್ಲ. ಎದ್ದು ಬಂದು ತಾವೇ ಹಾಕ್ಕಂಬಿಟ್ಟಾರು ಅಂತ ಭರಣೀನ ಆ ಡ್ರಮ್ಮೊಳಗೇ ಬಚ್ಚಿಟ್ಟಿದ್ದೆ." ಕಣ್ಣು ಡ್ರಮ್ಮಿನ ಕಡೆ ಹೋಯಿತು. "ಅದೇ ಡ್ರಮ್ಮು. ಅದೊಂದು ಬಿಟ್ಟು ಎಲ್ಲಾ ಕಡೆ ನೋಡ್ದೆ ನೋಡು ಈಗ. ಅದು ಬಚ್ಚಿಡೋ ಜಾಗ, ನನ್ನಿಂದ ನಾನ್ಯಾಕೆ ಬಚ್ಚಿಡ್ಲಿ ಅಂದ್ಕಂಡೆ."

"ಅತ್ತೆ…"

"ಕೊನೇ ಸಲ ಈ ಸಾರು ಬಾಯಿಗಿಟ್ಟು ಏನಂದ್ರು ಗೊತ್ತಾ? 'ನೀರು ಚೆನ್ನಾಗೈತೆ ಶಾಂತಾ' ಅಂದ್ರು. ನಗಾಡ್ಕಂಡೇ ಅಂದ್ರು. ಅದಾದ ಮೇಲೆ ಊಟಾನೇ ಸೇರ್ಲಿಲ್ಲ." ಶಾಂತಕ್ಕ ಭರಣಿಗೆ ಕೈ ಹಾಕಿದರು. "ಸತ್ತ ಮೇಲೂ ಪಥ್ಯಾನಾ? ವರ್ಷಕ್ಕೊಂದು ದಿನ ಬರ್ತಾರೆ. ಇವತ್ತು ಯಾವ ಡಾಕ್ಟರೂ ಕೇಳಲ್ಲ. ನಿಮಗೆಲ್ಲ ಉಪ್ಪಾಗ್ತೈತೆ ಅಂತ ನನಗೆ ಗೊತ್ತಿಲ್ವಾ? ಒಂದು ಚೊಂಬು ನೀರು ಕುಡೀರಿ, ಏನಾಗ್ತೈತೆ."

ಹಿಡಿ ತುಂಬ ಹರಳು ಮೇಲೆ ಬಂತು. ಪಾತ್ರೆಯ ಮೇಲೆ ಹಿಡಿದು, ಶಾಂತಕ್ಕ ಸೊಸೆಯ ಮುಖ ನೋಡಿದರು. ಕೇಳಿದ್ದಲ್ಲ, ಸುಮ್ಮನೆ ನೋಡಿದರು. ಇದು ಬಿದ್ದರೆ ಪಡಸಾಲೆಯಲ್ಲಿ ಏನು ನಡೆಯುತ್ತದೆಂದು ಈಗ ಇಬ್ಬರಿಗೂ ಗೊತ್ತಿತ್ತು.

"ಹಾಕ್ರಿ ಅತ್ತೆ," ಅಂದಳು ಹೇಮಾವತಿ.

ಉಪ್ಪು ಬಿತ್ತು.

ಎಲೆ ಹಾಕಿದರು. ಮುದ್ದೆ, ಸಾವೆ ಅನ್ನ, ಹೋಳಿಗೆ, ವಡೆ, ನಡುವೆ ಗುಂಡಿ ಮಾಡಿ ಹುರುಳಿ ಸಾರು. ಧೂಪ ಹಾಕಿ ಎಲ್ಲರೂ ಸ್ವಲ್ಪ ಹೊತ್ತು ಆಚೆ ನಿಂತರು. ಹಿರಿಯರು ಉಣ್ಣುವಾಗ ಬದುಕಿರುವವರು ನೋಡಬಾರದು. ಆಮೇಲೆ ಪಂಕ್ತಿ ಕೂತಿತು.

ಮೊದಲ ತುತ್ತಿಗೇ ಯತ್ತಪ್ಪ ಕಣ್ಣು ಮುಚ್ಚಿದರು. "ಅತ್ತಿಗೆಮ್ಮೋ, ಈ ವರ್ಷ ಮಾರಿಕಣಿವೆ ಡ್ಯಾಮು ತುಂಬಿದ್ರೂ ನಮಗೆ ನೀರು ಸಾಲಲ್ಲ!" ಪಂಕ್ತಿ ಘೊಳ್ಳೆಂದಿತು. ಲೋಟಗಳ ಸದ್ದು. ಮಾನಸ ತುತ್ತನ್ನು ಬಾಯಲ್ಲಿಟ್ಟುಕೊಂಡೇ ಅತ್ತಿಗೆಯ ಕಡೆ ನೋಡಿದಳು. ನೋಡಿದ್ರಾ, ಎಂಬ ನೋಟ. ಲಕ್ಷ್ಮೀಕಾಂತ್ ಎಲೆಯ ಮೇಲೇ ಕಣ್ಣಿಟ್ಟಿದ್ದ.

ಹೇಮಾವತಿ ಬಡಿಸುವುದನ್ನು ನಿಲ್ಲಿಸಿ ನಾದಿನಿಯ ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ದಳು. ನುಗ್ಗೆ ಮರದ ಕೆಳಗೆ ನಿಂತು ಎಲ್ಲ ಹೇಳಿದಳು. ಡ್ರಮ್ಮಿನದು, ಭರಣಿಯದು, ತಾನು ಬಚ್ಚಿಟ್ಟದ್ದು. ಒಂದನ್ನೂ ತೂಗಲಿಲ್ಲ. ಮಾನಸ ಎಂಜಲು ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತಿದ್ದಳು.

"ಅಪ್ಪ ನನಗೂ ಕೇಳಿದ್ರು ಅತ್ತಿಗೆ," ಅಂದಳು ಕೊನೆಗೆ. "ಆಸ್ಪತ್ರೇಲಿ. 'ಅಮ್ಮಂಗೆ ಹೇಳಬ್ಯಾಡ, ಒಂದು ಪೊಟ್ಟಣ ಉಪ್ಪು ತಂದುಕೊಡು' ಅಂತ. ನಾನು ಬೈದು ಕೂರಿಸ್ದೆ."

ಒಳಗೆ ಹೋಗಿ ಕೂತವಳು ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು. "ಹುಚ್ಚು ಹುಡುಗಿ, ಸಾಯ್ತೀಯ," ಅಂದರು ಯತ್ತಪ್ಪ. ಮಾನಸ ತಲೆಯೆತ್ತದೆ ಉಂಡಳು.

ಸಂಜೆಯ ಹೊತ್ತಿಗೆ ಭರಣಿಯ ವಿಷಯ ಮನೆಯವರಿಗೆಲ್ಲ ತಿಳಿದಿತ್ತು; ಒಲೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ನಾಳೆ ಬರುವುದಿಲ್ಲವೆಂದು ಡಾಕ್ಟರಿಗೆ ತಿಳಿಸಲು ಮಾನಸ ಫೋನ್ ತೆಗೆದಾಗ ತಡೆದದ್ದು ಶಾಂತಕ್ಕನವರೇ.

"ಹೋಗಾಣ ಬಿಡು. ಹಿರಿಯೂರು ಆದ್ಮೇಲೆ ನಿಂತೋಯ್ತಲ್ಲ, ಅದೇನು ಅಂತ ಕೇಳ್ಕಂಡು ಬರಾಣ. ಭರಣಿ ಇವಳು ಬಚ್ಚಿಟ್ಟಿದ್ದು ಸರಿ. ಆ ಊರಿನ ಹೆಸರು ಯಾರು ಬಚ್ಚಿಟ್ರು?"

ಎಲ್ಲರೂ ನಕ್ಕರು. ಹೇಮಾವತಿ ನಗಲು ಹೋಗಿ ನಿಂತಳು. ಅತ್ತೆ ನಗುತ್ತಿರಲಿಲ್ಲ.

ಮರುದಿನ ಅತ್ತೆ ಸೊಸೆ ಬೆಳಗಿನ ಬಸ್ಸು ಹತ್ತಿದರು. ಶಾಂತಕ್ಕ ಎಂದಿನಂತೆ ಡ್ರೈವರ್ ಹಿಂದಿನ ಸೀಟು ಹಿಡಿದರು. ಗುಡ್ಡದ ಮೇಲಿನ ಗಾಳಿಯಂತ್ರಗಳು ಕೆಲವು ತಿರುಗುತ್ತಿದ್ದವು, ಕೆಲವು ನಿಂತಿದ್ದವು. ಹೇಮಾವತಿ ಫೋನು ತೆಗೆದು ಮೂರು ಹುರುಳಿ ಸಾರಿನ ಕೆಂಪು ಚುಕ್ಕೆಗಳನ್ನು ಅಳಿಸಿದಳು. ಮೊದಲನೆಯದಕ್ಕೆ ಮಾನಸನ ಸಾರು, ಎರಡನೆಯದಕ್ಕೆ ಲಕ್ಷ್ಮೀಕಾಂತನ ಸಾರು ಎಂದು ಹೆಸರು ಬದಲಿಸಿದಳು. ಮೂರನೆಯದಕ್ಕೆ ಬಂದಾಗ ಬೆರಳು ನಿಂತಿತು.

"ಅತ್ತೆ, ಎಡೆ ಸಾರು ಎಷ್ಟು ಜನಕ್ಕೆ ಅಂತ ಬರೀಲಿ?"

"ಒಬ್ಬರಿಗೆ," ಅಂದರು ಶಾಂತಕ್ಕ, ಕಿಟಕಿಯಿಂದ ಮುಖ ತಿರುಗಿಸದೆ.

ಒಂದು ಎಂದು ಒತ್ತಿದಳು. ಸ್ವಲ್ಪ ಹೊತ್ತಿಗೇ, ಹಿಂದಿನ ರಾತ್ರಿಯೇ ಚಿತ್ರದುರ್ಗಕ್ಕೆ ಮರಳಿದ್ದ ಮಾನಸಳ ಫೋನು. "ಅತ್ತಿಗೆ, ಇದೇನು ಮಾಡಿಟ್ಟೀರಿ? ನಮ್ಮನೆ ಮೂರು ಜನಕ್ಕೆ ಅಂತ ಒತ್ತಿದ್ರೆ ಅರ್ಧ ಚೀಲ ಹುರುಳಿ, ಮೂರು ಹಂಡೆ ನೀರು ತೋರಿಸ್ತೈತೆ!"

"ಅದನ್ನು ನೀನು ಮಾಡೋದಲ್ಲ, ಬಿಡು," ಅಂದಳು ಹೇಮಾವತಿ. ನಗು ಬಂತು. ಬಂದ ನಗು ತಟ್ಟನೆ ನಿಂತಿತು. ಸೀಟಿನ ಕಂಬಿ ಹಿಡಿದು ಅರ್ಧ ಎದ್ದಳು.

"ಏನೇ?"

"ಗ್ಯಾಸ್ ಆರಿಸಿದ್ನಾ ಅತ್ತೆ? ಹಾಲು ಕಾಸಿದ ಮೇಲೆ? ಬೀಗ ಜಗ್ಗಿದ್ದು ನೆನಪಿದೆ. ಗ್ಯಾಸು…"

"ನೀನೇ ಆರಿಸ್ದೆ. ಹೊರಗೆ ಹೋಗಿ ವಾಪಸು ಬಂದು ಇನ್ನೊಂದು ಸಲ ಮುಟ್ಟಿ ನೋಡ್ದೆ. ನಾನು ನಿಂತು ನೋಡ್ತಾ ಇದ್ದೆ." ಶಾಂತಕ್ಕ ಅವಳ ಸೆರಗು ಹಿಡಿದು ಕೂರಿಸಿದರು. "ನಿನಗೊಂದು ಕೆಂಪು ಚುಕ್ಕೆ ಇಡ್ಬೇಕು ಕಣೆ."

ಬಸ್ಸು ಹೊಳಲ್ಕೆರೆ ದಾಟಿತು. ಶಾಂತಕ್ಕ ಕಿಟಕಿಗೆ ಹಣೆ ತಾಗಿಸಿದರು. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಸರಿಯುತ್ತಿತ್ತು. ಹೇಮಾವತಿ ನೋಡದವಳಂತೆ ಕೂತು, ಅವರ ಜೊತೆಗೇ ಒಳಗೊಳಗೆ ಎಣಿಸುತ್ತಾ ಹೋದಳು: ದುರ್ಗ, ಐಮಂಗಲ, ಹಿರಿಯೂರು.